ಲೆಗ್ ಪ್ರೆಸ್‌ನ 120 ಕಿಲೋ, ಸ್ಕ್ವಾಟ್‌ನ 50 ಕಿಲೋ

ಪ್ರಶ್ನೆ: ನನ್ನ ತೂಕ 60 ಕಿಲೋ. ಜಿಮ್‌ನಲ್ಲಿ ಒರಗಿ ಕುಳಿತು ಪಾದಗಳಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರಕ್ಕೆ 120 ಕಿಲೋ ಪ್ಲೇಟ್ ಹಾಕಿ ಹತ್ತು ಬಾರಿ ಸಲೀಸಾಗಿ ಒತ್ತುತ್ತೇನೆ. ಆದರೆ ರಾಡ್ ಹೆಗಲ ಮೇಲಿಟ್ಟು ಸ್ಕ್ವಾಟ್ (ಬಸ್ಕಿ) ಮಾಡುವಾಗ, ರಾಡ್ ಸೇರಿ 50 ಕಿಲೋಗೇ ಕಾಲು ನಡುಗುತ್ತದೆ. ಯಂತ್ರದ ಲೆಕ್ಕ ಸುಳ್ಳೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಲೆಕ್ಕ ಸುಳ್ಳಲ್ಲ, ನಿಮ್ಮ ಕಾಲೂ ದುರ್ಬಲವಲ್ಲ. ಸಾಮಾನ್ಯವಾಗಿ ಲೆಗ್ ಪ್ರೆಸ್‌ನಲ್ಲಿ ಭಾರ ಜಾರುವ ಹಳಿ ನೆಲಕ್ಕೆ 45 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಮೂಟೆಯನ್ನು ನೇರವಾಗಿ ಲಾರಿಗೆ ಎತ್ತುವುದಕ್ಕಿಂತ ಹಲಗೆ ಒರಗಿಸಿ ಮೇಲಕ್ಕೆ ತಳ್ಳುವುದು ಹೇಗೆ ಹಗುರವೋ ಇದೂ ಹಾಗೆಯೇ. ಆ ಓರೆಯಲ್ಲಿ ಭಾರದ ಶೇಕಡ 70ರಷ್ಟು ಮಾತ್ರ ನಿಮ್ಮ ಪಾದದ ಮೇಲೆ ಬರುವುದರಿಂದ 120 ಕಿಲೋ ಸುಮಾರು 85 ಆಗುತ್ತದೆ. ಪ್ಲೇಟ್ ಹೊರುವ ಚೌಕಟ್ಟಿನ ಭಾರ ಇದಕ್ಕೆ ಸೇರುತ್ತದೆ. ಹಳಿಯ ಘರ್ಷಣೆ ಒತ್ತುವಾಗ ಅಡ್ಡಿಯಾದರೆ, ಇಳಿಸುವಾಗ ನಿಮಗೇ ನೆರವಾಗುತ್ತದೆ.

ಸ್ಕ್ವಾಟ್‌ನಲ್ಲಿ ನೀವು ಲೆಕ್ಕಕ್ಕೆ ಹಿಡಿಯದ ಒಂದು ಭಾರವಿದೆ, ಅದು ನಿಮ್ಮದೇ ದೇಹ. ಬರಿಗೈಯಲ್ಲಿ ಬಸ್ಕಿ ಹೊಡೆದರೂ ಮೊಣಕಾಲಿನ ಕೆಳಗಿನ ಭಾಗ ಬಿಟ್ಟು ಉಳಿದ ಮೈಯೆಲ್ಲವನ್ನೂ, ಅಂದರೆ 50 ಕಿಲೋಗೂ ಮಿಕ್ಕಿ, ಎತ್ತಲೇಬೇಕು. ರಾಡಿನ 50 ಸೇರಿದರೆ ನೂರು ದಾಟಿತು. ನೀವು ಕಂಡ ಅಂತರ ಬಹುಮಟ್ಟಿಗೆ ಇಲ್ಲಿಯೇ ಕರಗಿಹೋಯಿತು.

ಉಳಿದದ್ದು ಸಮತೋಲನದ ಕೆಲಸ. ಯಂತ್ರದಲ್ಲಿ ಬೆನ್ನಿಗೆ ಒರಗು ಇರುತ್ತದೆ, ಭಾರ ಹಳಿ ಬಿಟ್ಟು ಅತ್ತಿತ್ತ ಹೋಗದು. ಹೆಗಲ ಮೇಲಿನ ರಾಡನ್ನಾದರೋ ಸೊಂಟ, ಹೊಟ್ಟೆ, ಬೆನ್ನಿನ ಸ್ನಾಯುಗಳೇ ಪ್ರತಿ ಕ್ಷಣ ಹಿಡಿದಿಡಬೇಕು. ಅಭ್ಯಾಸವಿಲ್ಲದವರ ಕಾಲು ನಡುಗುವುದು ಹೆಚ್ಚಾಗಿ ಇದರಿಂದಲೇ ಹೊರತು ತೊಡೆಯ ಬಲ ಸಾಲದೆ ಅಲ್ಲ.

ತಂತಿ ಎಳೆದು ಭಾರ ಎತ್ತುವ ಕೇಬಲ್ ಯಂತ್ರಗಳಲ್ಲೂ ಅಂಕಿ ಹೀಗೆಯೇ ದಾರಿ ತಪ್ಪಿಸಬಹುದು, ಅಲ್ಲಿ ರಾಟೆಯನ್ನು ಗಮನಿಸಿ. ಬಾವಿಯ ರಾಟೆಯಂತೆ ಒಂದೇ ಕಡೆ ನಿಂತಿದ್ದರೆ ಅದು ಎಳೆತದ ದಿಕ್ಕನ್ನಷ್ಟೇ ಬದಲಿಸುತ್ತದೆ. ಭಾರದ ಜೊತೆಗೇ ಮೇಲೇರುವ ರಾಟೆಯಿದ್ದರೆ 40 ಎಂದು ಬರೆದದ್ದು ಕೈಗೆ 20ರಂತೆ ಹತ್ತುತ್ತದೆ. ಈ ಕಾರಣಕ್ಕೇ ಜಿಮ್ ಬದಲಾಯಿಸಿದವರಿಗೆ ಹಳೆಯ ಅಂಕಿ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಪ್ರತಿ ಯಂತ್ರದ ಲೆಕ್ಕವನ್ನೂ ಪುಸ್ತಕದಲ್ಲಿ ಬೇರೆಯಾಗಿಯೇ ಬರೆದಿಡಿ. ಲೆಗ್ ಪ್ರೆಸ್‌ನ ಅಂಕಿ ನೋಡಿ ರಾಡಿಗೆ ಪ್ಲೇಟ್ ಏರಿಸುವುದು ಅಪಾಯ. ಸ್ಕ್ವಾಟನ್ನು ಸದ್ಯ 30 ಕಿಲೋಗೆ ಇಳಿಸಿ, ನಡುಕವಿಲ್ಲದೆ ಹತ್ತು ಬಾರಿ ಆದ ಮೇಲೆ ಎರಡೂವರೆ ಕಿಲೋದಂತೆ ಏರಿಸುತ್ತಾ ಹೋಗಿ. ಒಲಿಂಪಿಕ್ ಅಳತೆಯ ರಾಡ್ ಪುರುಷರದು 20 ಕಿಲೋ, ಮಹಿಳೆಯರದು 15. ನಿಮ್ಮ ಜಿಮ್‌ನದು ಎಷ್ಟೆಂದು ಒಮ್ಮೆ ತೂಗಿಯೇ ನೋಡಿ.