ಸಂಪಾದಕರ ಉತ್ತರ: ಆಷಾಢದಲ್ಲಿ ಸುಮ್ಮನೆ ಕೂತ ಕೊಪ್ಪರಿಗೆಗಳು

ಮದ್ದೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಎಲ್ಲಾದರೂ ಗುಡ್ಡ ಕುಸಿದರೆ, ಹೊಳೆ ಉಕ್ಕಿದರೆ ಈಗ ದೊಡ್ಡ ಹೋಟೆಲಿನ ಬಾಣಸಿಗರು ಕ್ಯಾಮೆರಾ ಸಮೇತ ಹೊರಟುಬಿಡುತ್ತಾರೆ. ನಾಲ್ಕು ಮನೆಯ ಹೆಣ್ಣುಮಕ್ಕಳು ಸೇರಿದರೆ ಆಗುವ ಕೆಲಸಕ್ಕೆ ಇಷ್ಟು ಆಡಂಬರ ಏಕೆ? ಅದೇ ದುಡ್ಡಿಗೆ ಅಕ್ಕಿ ಬೇಳೆ ಹಂಚಿದರೆ ಜನ ತಮಗೆ ಬೇಕಾದ್ದು ಬೇಯಿಸಿಕೊಳ್ಳುವುದಿಲ್ಲವೇ?’

ಮೇಷ್ಟ್ರೇ, ಕ್ಯಾಮೆರಾದ ಮಾತು ಒಪ್ಪಿದೆ. ಉಣ್ಣುವವರ ಮುಖಕ್ಕೆ ಬೆಳಕು ಹಿಡಿಯುವುದು ತಪ್ಪು. ನೀರು ಇಳಿದು, ಜನ ಮನೆಗೆ ಮರಳಿ ಒಲೆ ಹೂಡಿದ ಮೇಲೆ ಅಕ್ಕಿ ಬೇಳೆಯೇ ಸರಿ ಎಂಬುದೂ ಒಪ್ಪಿದೆ. ಆದರೆ ಮೊದಲ ಹತ್ತು ದಿನ? ಒಲೆ ಕೊಚ್ಚಿಹೋಗಿದೆ, ಸೌದೆ ನೆಂದಿದೆ, ಬಾವಿಗೆ ಕೆಸರು ನುಗ್ಗಿದೆ, ಪಾತ್ರೆ ಎಲ್ಲಿದೆಯೋ ಗೊತ್ತಿಲ್ಲ. ಅಂಥವರ ಕೈಗೆ ಐದು ಕೆಜಿ ಅಕ್ಕಿ ಕೊಟ್ಟರೆ ಅದು ಊಟವಲ್ಲ, ಹೊರೆ. ಇನ್ನು ನೀವು ಹೇಳುವ ‘ನಾಲ್ಕು ಮನೆಯ ಹೆಣ್ಣುಮಕ್ಕಳು’ ಯಾರು? ಮನೆ ಕಳೆದುಕೊಂಡವರೂ ಅವರೇ, ಮಗುವಿಗೆ ಒಣ ಬಟ್ಟೆ ಹುಡುಕುತ್ತಿರುವವರೂ ಅವರೇ. ಅವರನ್ನೇ ಒಲೆ ಮುಂದೆ ನಿಲ್ಲಿಸಬೇಕೆ?

ನನ್ನ ನಿಜವಾದ ತಕರಾರು ನಿಮ್ಮ ಲೆಕ್ಕದ ಮೇಲೆ. ಹತ್ತು ಜನಕ್ಕೆ ಮಾಡುವವರು ನೂರು ಮಂದಿ ಸೇರಿದರೆ ಸಾವಿರ ಜನದ ಅಡುಗೆ ಆಗುತ್ತದೆ ಎಂಬ ಗುಣಾಕಾರ ನಿಮ್ಮ ಮಾತಿನೊಳಗೆ ಅಡಗಿದೆ. ಕೊಪ್ಪರಿಗೆಗೆ ಆ ಗುಣಾಕಾರ ಗೊತ್ತಿಲ್ಲ.

ಅನ್ನವನ್ನೇ ನೋಡಿ. ಸಾವಿರ ಜನದ ಒಂದು ಊಟಕ್ಕೆ ಸುಮಾರು 110 ಕೆಜಿ ಅಕ್ಕಿ ಬೇಕು. ಅನುಭವ ಇಲ್ಲದವರು ಸಿಕ್ಕಿದ ದೊಡ್ಡ ಪಾತ್ರೆಗೆ ಹಿಡಿಸಿದಷ್ಟೂ ಸುರಿಯುತ್ತಾರೆ. ಶಾಖ ಬರುವುದು ತಳದಿಂದ ಮಾತ್ರ. ಮೇಲಿನ ಅಕ್ಕಿಯ ಭಾರಕ್ಕೆ ಕೆಳಗಿನದು ಜಜ್ಜಿ ಮುದ್ದೆಯಾಗುತ್ತದೆ, ತಳ ಸೀಯುತ್ತದೆ, ಮೇಲಿನ ಪದರ ನುಚ್ಚುನುಚ್ಚಾಗಿ ಉಳಿಯುತ್ತದೆ. ಸೀದ ವಾಸನೆ ಇಡೀ ಪಾತ್ರೆಗೆ ಹತ್ತಿದರೆ ಅಷ್ಟೂ ಅನ್ನ ದಂಡ. ಕಸುಬಿನವರು ಒಂದು ಪಾತ್ರೆಗೆ 20–25 ಕೆಜಿ ಮೀರುವುದಿಲ್ಲ. 110 ಕೆಜಿಗೆ ಐದು ಪಾತ್ರೆ ಹೂಡುತ್ತಾರೆ. ನೀರು ಮೊದಲು ಕುದಿಯುತ್ತದೆ, ನೆನೆದ ಅಕ್ಕಿ ಆಮೇಲೆ ಬೀಳುತ್ತದೆ. ಮುಕ್ಕಾಲು ಬೆಂದಾಗ ಗಂಜಿ ಬಸಿದು, ಅನ್ನವನ್ನು ಮಂಕರಿಗೆ ತೋಡಿ, ಒದ್ದೆ ಬಟ್ಟೆ ಮುಚ್ಚಿ, ಉಳಿದ ಕಾಲು ಭಾಗವನ್ನು ಹಬೆಗೇ ಬಿಡುತ್ತಾರೆ. ಬಸಿದ ಗಂಜಿಗೆ ಉಪ್ಪು ಹಾಕಿದರೆ ಮಕ್ಕಳಿಗೂ ಮುದುಕರಿಗೂ ಮೊದಲ ಲೋಟ ಅದೇ.

ಹುಳಿಗೆ 25–30 ಕೆಜಿ ತೊಗರಿಬೇಳೆ, 70–80 ಕೆಜಿ ತರಕಾರಿ. ಮನೆಯ ಅಳತೆಯನ್ನು ನೂರರಿಂದ ಗುಣಿಸಿ ನೀರು ಹೊಯ್ದರೆ ಹುಳಿ ತೆಳ್ಳಗಾಗುತ್ತದೆ, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ನೀರಿನ ಪಾಲು ಕಡಿಮೆ. ಉಪ್ಪು, ಖಾರ, ಹುಣಸೆಹಣ್ಣನ್ನೂ ಹಾಗೆ ಗುಣಿಸುವಂತಿಲ್ಲ. ಮುಕ್ಕಾಲು ಹಾಕಿ, ರುಚಿ ನೋಡಿ, ಕೊನೆಗೆ ಸರಿಮಾಡಬೇಕು. ತೆಂಗಿನಕಾಯಿ ಬೇಡವೇ ಬೇಡ. ಕಾಯಿ ಬಿದ್ದ ಹುಳಿಯೇ ಮೊದಲು ಹಳಸುವುದು, ಕಾಯಿಚಟ್ನಿ ಅದಕ್ಕಿಂತ ಬೇಗ.

ಇದೆಲ್ಲ ರುಚಿಯ ಮಾತಾಯಿತು. ಭಯಪಡಬೇಕಾದ್ದು ಉಳಿದ ಅಡುಗೆಯ ಬಗ್ಗೆ. ರಾತ್ರಿ ಎಂಟಕ್ಕೆ ಒಲೆಯಿಂದ ಇಳಿಸಿದ ನೂರು ಲೀಟರ್ ಹುಳಿ ಬೆಳಗಿನವರೆಗೂ ನಡುವಿನಲ್ಲಿ ಉಗುರುಬೆಚ್ಚಗೇ ಇರುತ್ತದೆ. ಕುದಿಸಿದರೂ ಸಾಯದ ಬೀಜಕಣಗಳುಳ್ಳ ಬ್ಯಾಕ್ಟೀರಿಯಾಗಳಿವೆ. ಆ ಉಗುರುಬೆಚ್ಚನೆಯ ತಾಪದಲ್ಲೇ ಅವು ಮೊಳೆತು ಬೆಳೆಯುತ್ತವೆ. ಅನ್ನದಲ್ಲಿ ಬೆಳೆಯುವ ಇನ್ನೊಂದು ಬಗೆ ಬಿಡುವ ವಿಷವಂತೂ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಬೆರಳಿನಲ್ಲಿ ಕೀವುಗಾಯ ಇರುವವರು ಕೈಯಲ್ಲೇ ಚಿತ್ರಾನ್ನ ಕಲಸಿದರೂ ಅದೇ ಗತಿ. ಅದಕ್ಕೇ ನಿಯಮ: ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿ ಇರಬೇಕು, ಇಳಿಸಿದ ಮೇಲೆ ನಾಲ್ಕು ಗಂಟೆಯೊಳಗೆ ಹೊಟ್ಟೆ ಸೇರಬೇಕು, ಉಳಿದದ್ದನ್ನು ನಾಳೆಗೆ ಇಡಬಾರದು. ಶೌಚಾಲಯ ಸಾಲದ ಶಿಬಿರದಲ್ಲಿ ಐನೂರು ಜನಕ್ಕೆ ವಾಂತಿಭೇದಿ ಶುರುವಾದರೆ ಅದು ಎರಡನೆಯ ವಿಕೋಪ.

ಈ ನಾಲ್ಕು ಗಂಟೆಯನ್ನು ರಸ್ತೆಯ ಮೇಲೆ ಇಟ್ಟು ನೋಡಿ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. 2018ರ ಆಗಸ್ಟಿನಲ್ಲಿ ಕೊಡಗು ಕುಸಿದಾಗಿನಂಥ ಮಳೆಯಲ್ಲಿ ಲಾರಿ ಹೋಗುವಷ್ಟರಲ್ಲೇ ಆ ಹೊತ್ತು ಮುಗಿಯುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಾದವು. ಅಲ್ಲಿಗೆ ನಮ್ಮ ದಾರಿ ಗುಂಡ್ಲುಪೇಟೆ, ಬಂಡೀಪುರದ ಮೇಲೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿಷೇಧವಿದೆ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿದರೆ ಒಳಗೇ ಬೆವರಿ, ತಲುಪುವಾಗ ಹಳಸಿರುತ್ತದೆ. ಕಳಿಸಿದವರಿಗೆ ಪುಣ್ಯ, ತಿಂದವರಿಗೆ ಹೊಟ್ಟೆನೋವು. ಕಳಿಸಲೇಬೇಕೆಂದರೆ ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು ಕಳಿಸಿ. ಅನ್ನ ಅಲ್ಲೇ ಆಗಲಿ. ಹೋಗಬೇಕಾದ್ದು ಪೊಟ್ಟಣವಲ್ಲ, ಒಲೆ, ಪಾತ್ರೆ ಮತ್ತು ಅಡುಗೆಯವರು.

ಬಾಣಸಿಗರು ಹೀಗೆ ಹೋಗುವುದು ಟಿವಿ ಬಂದ ಮೇಲಿನ ಶೋಕಿಯಲ್ಲ. 1847ರಲ್ಲಿ ಐರ್ಲೆಂಡಿನ ಕ್ಷಾಮದಲ್ಲಿ ಲಂಡನ್ನಿನ ಶ್ರೀಮಂತರ ಕ್ಲಬ್ಬೊಂದರ ಮುಖ್ಯ ಬಾಣಸಿಗ ಅಲೆಕ್ಸಿಸ್ ಸೋಯರ್ ಡಬ್ಲಿನ್ನಿನಲ್ಲಿ 300 ಗ್ಯಾಲನ್ನಿನ ಹಂಡೆ ಹೂಡಿ ಸೂಪಿನ ಮನೆ ನಡೆಸಿದ. ಅವನ ಸೂಪು ತೀರಾ ನೀರು, ಅದರಲ್ಲಿ ಶಕ್ತಿ ಸಾಲದು ಎಂದು ಆಗಲೇ ವೈದ್ಯರು ಆಕ್ಷೇಪಿಸಿದ್ದರು. ಆಕ್ಷೇಪ ಸರಿಯಾಗಿಯೇ ಇತ್ತು. ಆದರೆ ಜನರನ್ನು ಸರದಿಯಲ್ಲಿ ಒಳಗೆ ಬಿಟ್ಟು, ಉಣಿಸಿ, ಹೊರಗೆ ಕಳಿಸುವ ಏರ್ಪಾಟು ಅವನದು. ಮುಂದೆ ಕ್ರಿಮಿಯಾ ಯುದ್ಧಕ್ಕೆ ಅವನು ರೂಪಿಸಿದ ಒಲೆಯನ್ನು ಬ್ರಿಟಿಷ್ ಸೈನ್ಯ ನೂರು ವರ್ಷಕ್ಕೂ ಹೆಚ್ಚು ಕಾಲ ಬಳಸಿತು.

ನಮ್ಮ ಕಾಲದಲ್ಲಿ ಸ್ಪೇನ್ ಮೂಲದ ಬಾಣಸಿಗ ಹೋಸೆ ಆಂದ್ರೇಸ್ ಇದ್ದಾರೆ. 2010ರ ಹೈಟಿ ಭೂಕಂಪದಲ್ಲಿ ಅವರು ತಮ್ಮ ರೀತಿಯಲ್ಲಿ ಕಾಳು ಬೇಯಿಸಿದರು. ಅಲ್ಲಿಯ ಹೆಂಗಸರು ಒಪ್ಪಲಿಲ್ಲ. ನಾವು ಹೀಗೆ ತಿನ್ನುವುದಿಲ್ಲ, ಅರೆದು ಸೋಸಿ ನುಣ್ಣಗೆ ಮಾಡಬೇಕು ಎಂದರು. ಆಂದ್ರೇಸ್ ಕೇಳಿ ಕಲಿತರು. 2017ರಲ್ಲಿ ಮರಿಯಾ ಚಂಡಮಾರುತ ಅಮೆರಿಕದ ಅಧೀನದ ದ್ವೀಪ ಪೋರ್ಟೊ ರಿಕೊವನ್ನು ನೆಲಕಚ್ಚಿಸಿದಾಗ, ವಿಕೋಪದಲ್ಲಿ ಉಣಿಸುವ ಅವರ ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್ ಅಲ್ಲಿಯ ಬಾಣಸಿಗರನ್ನೇ ಕೂಡಿಕೊಂಡು 30 ಲಕ್ಷಕ್ಕೂ ಹೆಚ್ಚು ಊಟ ಬೇಯಿಸಿತು. ಅದೇ ವೇಳೆ ಅಮೆರಿಕದ ಸರ್ಕಾರ 3 ಕೋಟಿ ಊಟದ ಗುತ್ತಿಗೆಯನ್ನು ಇಷ್ಟು ದೊಡ್ಡ ಕೆಲಸ ಎಂದೂ ಮಾಡದ ಸಂಸ್ಥೆಯೊಂದಕ್ಕೆ ಕೊಟ್ಟಿತ್ತು. ತಲುಪಿದ್ದು 50 ಸಾವಿರ, ಗುತ್ತಿಗೆ ರದ್ದಾಯಿತು. ಅಡುಗೆ ಬಲ್ಲವರನ್ನು ಬಿಟ್ಟು ಕಾಗದ ಬಲ್ಲವರಿಗೆ ಊಟದ ಕೆಲಸ ಕೊಡುವ ಚಾಳಿ ನಮ್ಮಲ್ಲಿ ಮಾತ್ರ ಇಲ್ಲ ಎಂದಾಯಿತು. 2024ರ ಏಪ್ರಿಲ್ 1ರಂದು ಗಾಜಾದಲ್ಲಿ ಇದೇ ಕಿಚನ್ನಿನ ಏಳು ಜನ ಇಸ್ರೇಲ್ ದಾಳಿಗೆ ಸತ್ತರು. ಆಡಂಬರ ಎಂಬ ಮಾತನ್ನು ಇವರಿಗೆ ಅಂಟಿಸಬೇಡಿ ಮೇಷ್ಟ್ರೇ.

ಆದರೂ ನಾನು ಸ್ಟಾರ್ ಹೋಟೆಲಿನವರ ವಕೀಲಿಕೆಗೆ ಕೂತಿಲ್ಲ. ನನ್ನ ಮನಸ್ಸಿರುವುದು ನಿಮ್ಮ ಜಿಲ್ಲೆಯ ಅಡುಗೆಯವರ ಮೇಲೆ. ಮಂಡ್ಯದ ಬೀಗರೂಟಕ್ಕೆ ಎರಡು ಸಾವಿರ ಎಲೆ ಬೀಳುವುದು ದೊಡ್ಡ ಸುದ್ದಿಯೇ ಅಲ್ಲ. ಬಯಲಲ್ಲಿ ಶಾಮಿಯಾನ ಕಟ್ಟಿ, ಬಾಡಿಗೆ ಪಾತ್ರೆ ಇಳಿಸಿ, ಟ್ಯಾಂಕರಿನ ನೀರಲ್ಲಿ, ರಾತ್ರಿ ಹೂಡಿ ಬೆಳಗಾಗುವಷ್ಟರಲ್ಲಿ ಬೇಯಿಸುವ ಜನ ಇವರು. ಪಾತ್ರೆಯನ್ನು ಕವೆಗೋಲಿನಿಂದ ಕಾಲಲ್ಲಿ ಅದುಮಿ ಹಿಡಿದು, ಹಿಟ್ಟಿನ ಕೋಲಿನಲ್ಲಿ ಒಂದು ಗಂಟೂ ಇಲ್ಲದೆ ಹತ್ತು ಕೆಜಿ ರಾಗಿಹಿಟ್ಟು ತಿರುವುವುದಕ್ಕೆ ಯಾವ ಕಾಲೇಜಿನ ಸರ್ಟಿಫಿಕೇಟೂ ಸಾಲದು. ವಿಕೋಪದ ಅಡುಗೆಮನೆ ಅಂದರೆ ಇದೇ ಅಲ್ಲವೇ? ಒಬ್ಬ ಮುಖ್ಯ ಅಡುಗೆಯವರು, ಮೂವರು ಸಹಾಯಕರು, ಹೆಚ್ಚಲು ತೊಳೆಯಲು ಹತ್ತು ಜನ, ಬಡಿಸಲು ಎಂಟು, 19 ಕೆಜಿಯ ಸಿಲಿಂಡರುಗಳು, ಕುಡಿಯುವ ಹಾಗೂ ಬೇಯಿಸುವ ನೀರಿಗೆ ಕ್ಲೋರಿನ್. ಅವರಿಗೆ ಹೊಸದಾಗಿ ಕಲಿಸಬೇಕಾದ್ದು ಎರಡೇ: ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸುವುದು, ಇಳಿಸಿದ ಹೊತ್ತನ್ನು ಪಾತ್ರೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು.

ಕಲಿಸುವವರೂ ಪಕ್ಕದಲ್ಲೇ ಇದ್ದಾರೆ. 1950ರಿಂದ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಸೈನಿಕರಿಗೆ ತಿಂಗಳುಗಟ್ಟಲೆ ಕೆಡದ ಊಟದ ಪೊಟ್ಟಣ ರೂಪಿಸುವ ರಕ್ಷಣಾ ಆಹಾರ ಪ್ರಯೋಗಾಲಯವೂ ಅದೇ ಊರಿನಲ್ಲಿದೆ. ಇಂಥ ಊರಿನ ಪಕ್ಕದ ಜಿಲ್ಲೆಯಲ್ಲಿ ಸಾವಿರಾರು ಜನಕ್ಕೆ ಬೇಯಿಸುವವರು ಕೂಲಿ ಲೆಕ್ಕದಲ್ಲಿ, ವಿಮೆ ಇಲ್ಲದೆ, ಎಣ್ಣೆ ಸಿಡಿದರೆ ಆಸ್ಪತ್ರೆ ಖರ್ಚು ತಾವೇ ಹೊತ್ತು ದುಡಿಯುತ್ತಾರೆ. ಮದುವೆ ಚೆನ್ನಾಗಿದ್ದರೆ ಹೆಣ್ಣಿನ ತಂದೆಗೆ ಹೆಸರು, ಹುಳಿ ಖಾರವಾದರೆ ಅಡುಗೆಯವರಿಗೆ ಬೈಗುಳ. ದಸರಾ ಆಹಾರ ಮೇಳದಲ್ಲಿ ಚಪ್ಪರಿಸಿ ತಿಂದು ಬರುತ್ತೇವೆ, ಮಾಡಿದವರ ಹೆಸರು ಕೇಳುವುದಿಲ್ಲ. ಕಟ್ಟಡ ಕಟ್ಟುವವರನ್ನು ಎಂಜಿನಿಯರ್ ಎಂದು ಕರೆದು ಕುರ್ಚಿ ಕೊಡುತ್ತೇವೆ. ಸಾವಿರ ಹೊಟ್ಟೆಯ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡವರನ್ನು ಹಿತ್ತಿಲ ಬಾಗಿಲಿನಿಂದ ಕರೆಯುತ್ತೇವೆ.

ಇನ್ನೊಂದು ವಿಚಾರ ನಿಮಗೂ ಹೊಳೆದಿರಬಹುದು. ಆಷಾಢದಲ್ಲಿ ಮದುವೆಯಿಲ್ಲ. ಕೊಪ್ಪರಿಗೆಗಳು ಮಗುಚಿ ಬಿದ್ದಿರುತ್ತವೆ, ಅಡುಗೆಯವರು ಕೆಲಸವಿಲ್ಲದೆ ಕೂತಿರುತ್ತಾರೆ. ಮಳೆ ಜೋರಾಗಿ ಹೊಳೆ ಉಕ್ಕುವುದೂ ಆ ದಿನಗಳಲ್ಲೇ. ವಯನಾಡು ಕುಸಿದದ್ದು ಆಷಾಢದಲ್ಲಿ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ಗೇಟು ಎತ್ತಿದರೆ ಶ್ರೀರಂಗಪಟ್ಟಣದ ತಗ್ಗಿನ ಮನೆಗಳಿಗೆ ನಡುಕ ಹುಟ್ಟುವುದೂ ಈ ಮಳೆಗಾಲದಲ್ಲೇ. ದೋಣಿ, ಜೆಸಿಬಿ, ಈಜುಗಾರರ ಜೊತೆ ಅಡುಗೆಯವರನ್ನೂ ತಾಲ್ಲೂಕು ಕಚೇರಿ ಮೊದಲೇ ಗೊತ್ತುಮಾಡಿಕೊಂಡು, ದಿನಗೂಲಿ ಮತ್ತು ವಿಮೆಯ ಕರಾರು ಮಾಡಿಟ್ಟರೆ, ಕರೆ ಹೋದ ಆರು ಗಂಟೆಯೊಳಗೆ ಮೊದಲ ಉಪ್ಪಿಟ್ಟು ಇಳಿಯುತ್ತದೆ.

ನೀವು ಮೂವತ್ತು ವರ್ಷ ಹಾಜರಿ ಬರೆದವರು, ಪಟ್ಟಿ ಮಾಡುವುದು ನಿಮಗೆ ಕಷ್ಟವಲ್ಲ. ನಿಮ್ಮ ಹೋಬಳಿಯಲ್ಲಿ ಬೀಗರೂಟಕ್ಕೆ ಹೋಗುವ ಅಡುಗೆಯವರು ಯಾರು, ಅವರ ಬಳಿ ಕೊಪ್ಪರಿಗೆ ಎಷ್ಟು, ಗ್ಯಾಸ್ ಒಲೆ ಎಷ್ಟು, ಹೇಳಿಕಳಿಸಿದ ಎಷ್ಟು ಹೊತ್ತಿಗೆ ಹೊರಡಬಲ್ಲರು, ಇಷ್ಟನ್ನು ಅವರನ್ನೇ ಕೇಳಿ ಬರೆದು, ಒಂದು ಪ್ರತಿ ತಹಶೀಲ್ದಾರರಿಗೆ ಕೊಡಿ, ಇನ್ನೊಂದು ನಮಗೆ ಕಳಿಸಿ. ಮುಂದಿನ ಆಷಾಢಕ್ಕೆ ಮುಂಚೆ.