ಸಾಲದ ದುಡ್ಡಿನ ದಶಮಾಂಶ

ಹೆಸರು, ಮನೆಯ ವಿವರ ಎಲ್ಲ ಬದಲಿಸಿ ಬರೆಯುತ್ತಿದ್ದೇನೆ. ಸಾಲದ ದುಡ್ಡಿನಲ್ಲೂ ದಶಮಾಂಶ, ಅಂದರೆ ಹತ್ತನೇ ಒಂದು ಪಾಲು, ದೇವರಿಗೆ ಕೊಡಲೇಬೇಕು ಅನ್ನುವ ಕಷ್ಟ ಹೊತ್ತುಕೊಂಡು ನನ್ನ ಹತ್ತಿರ ಬರುವ ಕ್ರೈಸ್ತ ವಿಶ್ವಾಸಿ ಹೆಣ್ಣುಮಕ್ಕಳು ಈಚೆಗೆ ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಆಕೆಯನ್ನು ಮರಿಯಮ್ಮ ಅನ್ನೋಣ. ಸಿಂಧನೂರು ಕಡೆಯ ಹಳ್ಳಿ, ಭತ್ತದ ಗದ್ದೆಯ ಕೂಲಿ. ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿಯಾಗಿದ್ದ. ಸೊಂಟಕ್ಕೆ ಪೆಟ್ಟಾಗಿ ಮನೆ ಹಿಡಿದ. 2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬರಲಿಲ್ಲ. ನಾಟಿ ಇಲ್ಲ ಅಂದಮೇಲೆ ಕೂಲಿ ಎಲ್ಲಿಂದ? ಸಂಘದ ಸಾಲ, ಅಂದರೆ ಗುಂಪಿನ ಮೇಲೆ ಕೊಡುವ ಮೈಕ್ರೋಫೈನಾನ್ಸ್ ಸಾಲ, ಶುರುವಾಗಿದ್ದು ಆಗಲೇ. ಒಂದರ ಕಂತು ಕಟ್ಟಲು ಇನ್ನೊಂದು.

ನಿದ್ದೆ ಬರಲ್ಲ ಅಂತ ಬಂದಿದ್ದಳು. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದಳು. ಆದರೂ ಮನಸ್ಸಿನ ಕಷ್ಟಕ್ಕಿರುವ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು ಅಂತ ಬರೆದುಕೊಟ್ಟೆ.

"ನಾ ಎಲ್ಲೋ ದೇವರ ಮಾತು ಮೀರೀನ್ರಿ ಅಕ್ಕಾರ. ಅದಕ್ಕ ಹಿಂಗಾಗೈತಿ" ಅನ್ನುವುದೊಂದೇ ಅವಳ ಮಾತು.

ಮುಂದಿನ ಸಲ ಕಂತಿನ ಕಾರ್ಡುಗಳನ್ನೆಲ್ಲ ತಾ ಅಂದೆ. ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ತೆಗೆದಿಟ್ಟಳು. ಎಲ್ಲ ಮುದ್ದೆಯಾಗಿದ್ದವು. ಕೊನೆಗೊಂದು ಬಿಳಿ ಕವರ್ ಬಂತು. ಒಂದು ಮಡಿಕೆ ಕೂಡ ಬಿದ್ದಿರಲಿಲ್ಲ. ಮೇಲೆ ಮಗಳ ಕೈಯಲ್ಲಿ ಬರೆಸಿದ ಹೆಸರು.

"ಇದು ದೇವರ ಪಾಲ್ರಿ, ಇದನ್ನ ಮುಟ್ಟಂಗಿಲ್ಲ."

"ಯಾವ ದುಡ್ಡಿಂದು?"

"ಮೊನ್ನೆ ಸಂಘದಾಗ ನಲವತ್ತು ಸಾವಿರ ಎತ್ತೀನಲ್ರಿ. ಅದರಾಗಿಂದು ನಾಕು ಸಾವಿರ. ಕೊಡಲಿಲ್ಲಂದ್ರ ಇದ್ದಿದ್ದೂ ಹೋಗ್ತೈತ್ರಿ."

ಈ ಮಾತಿನಲ್ಲಿ ಭಕ್ತಿಗಿಂತ ಭಯವೇ ಜಾಸ್ತಿ ಕೇಳಿಸಿತು. ವಾದ ಮಾಡಲಿಲ್ಲ. ಬೈಬಲಿನ ಎರಡನೆಯ ಅರಸುಗಳು ಪುಸ್ತಕದ 4ನೇ ಅಧ್ಯಾಯ ತೆಗೆದು, ಓದು ಅಂದೆ. ಬೆರಳಿಟ್ಟುಕೊಂಡು ನಿಧಾನಕ್ಕೆ ಓದಿದಳು. ಪ್ರವಾದಿಗಳ ಗುಂಪಿನವನೊಬ್ಬ ಸಾಲ ಉಳಿಸಿ ಸತ್ತಿದ್ದಾನೆ. ಸಾಲಗಾರ ಬಂದು ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲಿದ್ದಾನೆ. ಮರಿಯಮ್ಮ ಅಲ್ಲೇ ನಿಂತಳು. "ಆವಾಗೂ ಹಿಂಗ ಮನೀಗೆ ಬರ್ತಿದ್ರೇನ್ರಿ?"

"ಸತ್ತವನು ಎಂಥವನಂತೆ?" ಅಂದೆ.

ಮತ್ತೆ ನೋಡಿದಳು. "ದೇವರಿಗೆ ಅಂಜಿ ನಡೆದವನಂತ್ರಿ."

ಮುಂದಕ್ಕೆ ಓದಿದಳು. ಸತ್ತವನ ಹೆಂಡತಿ ಪ್ರವಾದಿ ಎಲೀಷನ ಹತ್ತಿರ ಹೋಗುತ್ತಾಳೆ. ಅವನ ಮಾತಿನಂತೆ ಮನೆಯಲ್ಲಿದ್ದ ಒಂದು ಕುಡಿಕೆ ಎಣ್ಣೆ ಪಾತ್ರೆಗಳ ತುಂಬ ಉಕ್ಕುತ್ತದೆ. "ಎಣ್ಣೆ ಉಕ್ಕಿ ಬಂದಮೇಲೆ ಎಲೀಷ ಮೊದಲು ಏನು ಮಾಡು ಅಂದ?"

"ಮಾರಿ ಸಾಲ ತೀರಿಸು ಅಂದ. ಉಳಿದಿದ್ದರಾಗ ನೀನು, ಮಕ್ಕಳು ಬದುಕ್ರಿ ಅಂದ."

"ತನಗೆಷ್ಟು ಕೇಳಿದ?"

ಬೆರಳು ಮತ್ತೆ ಮೊದಲ ವಚನಕ್ಕೆ ಹೋಯಿತು. ಪೂರ್ತಿ ಓದಿ ಮುಗಿಸಿ ಅಂದಳು: "ಏನೂ ಕೇಳಿಲ್ರಿ." ಆಮೇಲೆ ತುಂಬಾ ಹೊತ್ತು ಅತ್ತಳು.

ನಾನು ಕೊಟ್ಟ ಸಲಹೆ ಇಷ್ಟು. ಸಾಲದ ದುಡ್ಡು ನಿನ್ನ ಗಳಿಕೆ ಅಲ್ಲ, ಅದಕ್ಕೆ ದಶಮಾಂಶ ಇಲ್ಲ. ಕವರಿನ ದುಡ್ಡನ್ನು ಕಂತಿಗೆ ಕಟ್ಟು. ಸಾಲ ತೀರಿಸಲು ಹೊಸ ಸಾಲ ಬೇಡ. ಕೂಲಿ ಬಂದ ವಾರ ಮನಸ್ಸಾದರೆ ಸಂತೋಷದಿಂದ ಕೈಲಾದಷ್ಟು ಕೊಡು. ಬಲವಂತಕ್ಕೆ ಕೊಡಬೇಡಿ ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ, ರಿಸರ್ವ್ ಬ್ಯಾಂಕ್ 2022ರಲ್ಲೇ ಈ ನಿಯಮ ಮಾಡಿದೆ. ಬೈದು ಬೆದರಿಸಿದರೆ ಗುಂಪಿನ ಹೆಂಗಸರು ಕೂಡಿಯೇ ಪೊಲೀಸ್ ಠಾಣೆಗೆ ಹೋಗಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯಾಗಿ ತಂದ ಕಾನೂನಿನಲ್ಲಿ ಅಂಥ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದ್ದಾರೆ. ಠಾಣೆಗೆ ಹೋದರೆ ನಂಬಿಕೆ ಕಡಿಮೆ ಆಯಿತು ಅಂತಲ್ಲ. ಆ ವಿಧವೆಯೂ ಸುಮ್ನೆ ಕೂರಲಿಲ್ಲ, ಎಲೀಷನ ಹತ್ತಿರ ಹೋಗಿ ಕೂಗಿ ಹೇಳಿಕೊಂಡಳು.

"ನೀವು ವಿಶ್ವಾಸಿಗಳ ವಿಧೇಯತೆ ಸಡಿಲ ಮಾಡ್ತೀರಿ" ಅಂತ ಕೆಲವರು ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಬೈಬಲಿನ ಧರ್ಮಶಾಸ್ತ್ರದಲ್ಲಿ ದಶಮಾಂಶ ಇರುವುದು ಹೊಲದ ಬೆಳೆಗೆ, ದನಕುರಿಗೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ನೋಡಿ. ಮೂರನೇ ವರ್ಷದ ದಶಮಾಂಶ ಊರಲ್ಲೇ ಉಳಿಯಬೇಕು, ದೇವರ ಸೇವೆಯ ಕುಲದವನಾದ ಲೇವಿಯನ ಜೊತೆ ಪರದೇಶಿ, ತಾಯಿತಂದೆ ಇಲ್ಲದ ಮಕ್ಕಳು, ವಿಧವೆಯರು ಹೊಟ್ಟೆತುಂಬ ಉಣ್ಣಬೇಕು. ಕೂಲಿ ನಿಂತ ಮನೆ ಇಂಥ ಕಾಲದಲ್ಲಿ ದಶಮಾಂಶದಿಂದ ನೆರವು ತೆಗೆದುಕೊಳ್ಳಬೇಕಾದ ಮನೆ. ಪಡೆದ ಸಾಲವನ್ನು ಮೋಸವಿಲ್ಲದೆ ತೀರಿಸುವುದು, ಮಕ್ಕಳನ್ನು ಉಪವಾಸ ಕೆಡವದಿರುವುದು, ಇದೂ ದೇವರ ಮಾತು ಕೇಳಿ ನಡೆಯುವುದೇ. ಕಷ್ಟ ಬಂದ ಮಾತ್ರಕ್ಕೆ ಮಾತು ಮೀರಿದ್ದೀಯ ಅಂತ ಹೇಳುವವರು ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನನ್ನೇ ದೂರಿದ ಅವನ ಸ್ನೇಹಿತರ ಸಾಲಿಗೆ ಸೇರುತ್ತಾರೆ. ಕೊನೆಯಲ್ಲಿ ದೇವರು ಸಿಟ್ಟಾಗಿದ್ದು ಆ ಸ್ನೇಹಿತರ ಮೇಲೆ.

ಮರಿಯಮ್ಮ ಆವತ್ತು ಕವರ್ ಒಡೆಯಲಿಲ್ಲ. ಪಾಸ್ಟರನ್ನು ಕೇಳಿ ಬಾ ಅಂತ ನಾನೇ ಕಳಿಸಿದೆ. ಅವರು ಕವರ್ ವಾಪಸ್ ಅವಳ ಕೈಗೇ ಇಟ್ಟರಂತೆ. "ಇದು ಸಂಘದ ದುಡ್ಡಂತ ನನಗೆ ಗೊತ್ತಿರಲಿಲ್ಲಮ್ಮ" ಅಂದರಂತೆ. ಅವಳ ಭಯ ಪೂರ್ತಿ ಹೋಗಿಲ್ಲ. ಭಾನುವಾರ ಕಾಣಿಕೆ ಚೀಲ ಹತ್ತಿರ ಬಂದಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾಳೆ. ನಾವು ಇನ್ನೂ ಮಾತಾಡುತ್ತಿದ್ದೇವೆ.

ಸಭೆ ನಡೆಸುವ ಅಯ್ಯನವರಲ್ಲಿ, ಹಿರಿಯರಲ್ಲಿ ನನ್ನದೊಂದು ಕೇಳಿಕೆ: ಕಂತಿನ ವಾರ ಯಾವುದು, ಎಷ್ಟು ಸಂಘದಲ್ಲಿ ಸಾಲ ಇದೆ ಅಂತ ನಿಮ್ಮ ಮನೆಭೇಟಿಯಲ್ಲಿ ಕೇಳಿ. ಈ ಹೆಣ್ಣುಮಕ್ಕಳು ತಾವಾಗಿ ಹೇಳುವುದಿಲ್ಲ.