ಎದ್ದುಬಂದ ಸತ್ತವರ ಬಗ್ಗೆ ಓದುಗರಿಗೆ ಕನಿಕರವೇಕೆ?

ಮಾನ್ಯರೇ, ಸತ್ತವರು ಮರಳಿ ಬರುವ ಭಯಾನಕ ಚಿತ್ರಕಥೆಯನ್ನು (ಕಾಮಿಕ್ಸ್) ಕಂತು ಕಂತಾಗಿ ಓದುತ್ತಿರುವ ನಮ್ಮ ಕಾಸರಗೋಡಿನ ಗೆಳೆಯರು ಹೆದರುವ ಬದಲು ಕನಿಕರಪಡುವುದೇಕೆ ಎಂದು ಕೇಳಿದ್ದೀರಿ. ತುಳುವರ ಆಟಿ (ಆಷಾಢ) ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಮನೆಯವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುವ, ಮದುವೆಯಾಗದೆ ತೀರಿಕೊಂಡವರಿಗೆ ಹಾಗೆಯೇ ತೀರಿಕೊಂಡವರಿರುವ ಇನ್ನೊಂದು ಮನೆಯಲ್ಲಿ ಸಂಬಂಧ ಹುಡುಕಿ ಕುಲೆಮದುವೆ ಮಾಡಿಸುವ ಕುಟುಂಬಗಳ ನಡುವೆ ಬೆಳೆದವರಿಗೆ, ಸತ್ತವರು ಬಂದರೆಂದರೆ ಮನೆಯವರೇ ಏನನ್ನೋ ಕೇಳಲು ಬಂದರೆಂದು ಅರ್ಥ. ಆದುದರಿಂದ ಅವರನ್ನು ಕೊಚ್ಚುವ ಪುಟ ನಮಗೆ ಗೆಲುವಾಗಿ ಕಾಣುವುದಿಲ್ಲ. 2003ರಿಂದ 2019ರವರೆಗೆ 193 ಸಂಚಿಕೆಗಳಲ್ಲಿ ಬಂದ ಅಮೆರಿಕದ ‘ದಿ ವಾಕಿಂಗ್ ಡೆಡ್’ ಎಂಬ ಚಿತ್ರಕಥೆಯಲ್ಲಿ ಎದ್ದುಬಂದವರು ಮಾತಾಡುವುದಿಲ್ಲ, ಹಸಿದು ಅಲೆಯುತ್ತಾರೆ, ಅಲ್ಲಿ ಓದುಗರ ಮಮತೆ ಬದುಕುಳಿದವರ ಕಡೆಗೆ ಹರಿಯುವುದು ಸಹಜ. ನೀವು ವಿವರಿಸಿದ ಕಥೆಯಲ್ಲಾದರೋ ಸತ್ತವರು ಊಟಕ್ಕೆ ಕೂರುತ್ತಾರೆ. ಚಿತ್ರಕಾರರು ಅವರ ಬೇಡಿಕೆಯೇನೆಂದು ಹೇಳದೆ ಬರೀ ರಕ್ತವನ್ನು ಹೆಚ್ಚಿಸುತ್ತ ಹೋದರೆ, ಓದುಗರ ಅಸಮಾಧಾನ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.